ಕಠಿಣ ಕಾನೂನು ಪ್ರಶ್ನೆಗಳಿಗೆ ಎಐ ಸಹಾಯಕನನ್ನ ಕಟ್ಟೋದು ಹೇಗೆ: ಹೆಣ್ಮಕ್ಕಳ ಆಸ್ತಿ ಪಾಲಿನ ಒಂದು ಕೇಸ್ ಇಟ್ಕೊಂಡು ಪೂರ್ತಿ ಗೈಡ್

ಮೊದ್ಲು ಒಂದು ಪ್ರಶ್ನೆ ನೋಡಿ. ಕುಟುಂಬ ಕಲ್ಪಿಸಿದ್ದು, ಆದ್ರೆ ಇಂಥ ಪ್ರಶ್ನೆ ಧಾರವಾಡದಿಂದ ಕೋಲಾರದ ತನಕ ಯಾವ ಸಿವಿಲ್ ಲಾಯರ್ ಆಫೀಸಿಗೆ ಹೋದ್ರೂ ಬರ್ತಾನೇ ಇರುತ್ತೆ. ಅಪ್ಪ 1998ರಲ್ಲಿ ವಿಲ್ ಬರೀದೆ ತೀರ್ಕೊಂಡಿದಾರೆ, ಅಮ್ಮ ಅದಕ್ಕೂ ಮುಂಚೆನೇ ಹೋಗಿದಾರೆ. ಇಬ್ರು ಗಂಡ್ಮಕ್ಳು, ಮೂರು ಜನ ಹೆಣ್ಮಕ್ಳು. ದೊಡ್ಡವಳ ಮದುವೆ 1990ರಲ್ಲಿ, ಎರಡನೆಯವಳದ್ದು 1996ರಲ್ಲಿ, ಕೊನೆಯವಳದ್ದು 2003ರಲ್ಲಿ. 1999ರಲ್ಲಿ ಅಣ್ಣತಮ್ಮ ಇಬ್ರೇ ಊರ ಹಿರಿಯರ ಮುಂದೆ ಕೂತು ಪಾಲುಪಟ್ಟಿ ಬರ್ಕೊಂಡು, ರಿಜಿಸ್ಟರ್ ಮಾಡಿಸ್ದೆ, ಅದ್ರ ಮೇಲೇನೇ ಖಾತೆ ಬದ್ಲಾಯಿಸ್ಕೊಂಡಿದಾರೆ. ಈಗ ಅಕ್ಕತಂಗಿಯರು ಕೇಳ್ತಿರೋದು: ನಮಗೆ ಪಾಲು ಬರುತ್ತಾ, ಬಂದ್ರೆ ಎಷ್ಟು?

ಇದನ್ನ ಯಾವ್ದಾದ್ರೂ ಚಾಟ್‌ಬಾಟ್‌ಗೆ ಹಾಕಿದ್ರೆ ಸಾಮಾನ್ಯವಾಗಿ ಬರೋ ಉತ್ತರ "2005ರ ತಿದ್ದುಪಡಿ ಪ್ರಕಾರ ಹೆಣ್ಮಕ್ಕಳಿಗೂ ಸಮಪಾಲು ಇದೆ, ವಕೀಲರನ್ನ ಸಂಪರ್ಕಿಸಿ" ಅಂತ. ತಪ್ಪು ಅಂತ ಹೇಳೋಕಾಗಲ್ಲ, ಆದ್ರೆ ಇದನ್ನ ಇಟ್ಕೊಂಡು ಯಾವ ಲಾಯರೂ ದಾವೆ ಹಾಕೋಕಾಗಲ್ಲ. ಯಾಕಂದ್ರೆ ಈ ಕೇಸಲ್ಲಿ ಉತ್ತರ ನಿಂತಿರೋದು ನಾಲ್ಕೈದು ತಾರೀಖುಗಳ ಮೇಲೆ, ಒಂದು ಕಾಗದದ ಮೇಲೆ, ಮತ್ತೆ ಆಸ್ತಿ ಅಪ್ಪನಿಗೆ ಎಲ್ಲಿಂದ ಬಂತು ಅನ್ನೋ ಒಂದು ಸಂಗತಿ ಮೇಲೆ. ಯಾವ ಸಂಗತಿ ಬದ್ಲಾದ್ರೆ ಉತ್ತರ ಬದ್ಲಾಗುತ್ತೆ ಅಂತ ತೋರ್ಸೋದೇ ಪರಿಣಿತನ ಕೆಲಸ, ಎಐ ಕೈಲೂ ಅದನ್ನೇ ಮಾಡಿಸ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಈ ಇಡೀ ಗೈಡ್ ಅದ್ರ ಸುತ್ತಾನೇ ಇದೆ. ಪ್ರೋಗ್ರಾಮಿಂಗ್ ಗೊತ್ತಿರೋರು ಮತ್ತೆ ಪ್ರಾಕ್ಟೀಸ್ ಮಾಡೋ ಲಾಯರ್ ಜೊತೆಗೂಡಿ ಕೂತ್ರೆ ಮಾತ್ರ ಇದು ಆಗೋ ಕೆಲಸ, ಒಬ್ರೇ ಮಾಡೋಕೆ ಹೋಗ್ಬೇಡಿ.

ಹೆಜ್ಜೆ 1: ವ್ಯಾಪ್ತಿ ಚಿಕ್ಕದು ಮಾಡ್ಕೊಳ್ಳಿ

"ಭಾರತದ ಎಲ್ಲಾ ಕಾನೂನು" ಅಂತ ಶುರು ಮಾಡಿದ್ರೆ ಯಾವ್ದೂ ಸರಿಯಾಗಲ್ಲ. ಒಂದು ಕ್ಷೇತ್ರ ಹಿಡೀರಿ: ಹಿಂದೂ ಕುಟುಂಬದ ಆಸ್ತಿ ವಿಭಾಗ, ಕರ್ನಾಟಕದ ಮಟ್ಟಿಗೆ. ಅಷ್ಟರಲ್ಲೇ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ, ಅದಕ್ಕೆ ಕರ್ನಾಟಕ ಮಾಡಿದ ತಿದ್ದುಪಡಿ, 2005ರ ಕೇಂದ್ರ ತಿದ್ದುಪಡಿ, ನೋಂದಣಿ ಕಾಯ್ದೆ, ಕಾಲಮಿತಿ ಕಾಯ್ದೆ, ಭೂ ಕಂದಾಯ ಕಾಯ್ದೆ, ಸುಪ್ರೀಂ ಕೋರ್ಟು ಹೈಕೋರ್ಟುಗಳ ರಾಶಿ ತೀರ್ಪುಗಳು ಎಲ್ಲಾ ಬಂದ್ಬಿಡುತ್ತೆ.

ಬಳಸೋರು ಯಾರು ಅನ್ನೋದನ್ನೂ ಈಗ್ಲೇ ತೀರ್ಮಾನ ಮಾಡಿ. ನನ್ನ ಸಲಹೆ, ಬಳಸೋರು ವಕೀಲರೇ ಆಗಿರ್ಲಿ. 1961ರ ವಕೀಲರ ಕಾಯ್ದೆ ಪ್ರಕಾರ ವಕೀಲಿ ವೃತ್ತಿ ಮಾಡೋ ಹಕ್ಕು ವಕೀಲರಾಗಿ ನೋಂದಣಿಯಾದವರಿಗೆ ಮಾತ್ರ, ಹಾಗಾಗಿ ಕಕ್ಷಿದಾರರಿಗೆ ನೇರವಾಗಿ ಸಲಹೆ ಕೊಡೋ ಆಪ್ ಕಟ್ಟೋಕೆ ಹೋದ್ರೆ ಅದು ಬೇರೇನೇ ತಲೆನೋವು. ಅದಕ್ಕಿಂತ ಮುಖ್ಯ ಕಾರಣ ಅಂದ್ರೆ, ಇಂಥ ಟೂಲ್ ಎತ್ತೋ ಅನುಮಾನಗಳನ್ನ ಸರಿಯಾಗಿ ಓದೋ ಕಣ್ಣು ಲಾಯರಿಗಿರುತ್ತೆ, ಆಸ್ತಿ ಕಳ್ಕೊಂಡು ಕೂತಿರೋ ಮಗಳು "ಪಾಲು ಬರುತ್ತೆ" ಅನ್ನೋ ಎರಡು ಪದ ಮಾತ್ರ ಓದ್ತಾಳೆ, ಅದು ಸಹಜ.

ಹೆಜ್ಜೆ 2: ಸಂಗತಿ ಸಂಗ್ರಹ, ಕಾನೂನಿಗಿಂತ ಮುಂಚೆ

ಹೆಚ್ಚಿನವ್ರು ಇಲ್ಲೇ ಅವಸರ ಮಾಡ್ತಾರೆ, ಪ್ರಶ್ನೆ ಬಂದ ತಕ್ಷಣ ತೀರ್ಪು ಹುಡುಕೋಕೆ ಬಿಟ್ಬಿಡ್ತಾರೆ. ಬೇಡ. ಸಂಗತಿ ಪಟ್ಟಿ ತುಂಬೋ ತನಕ ಸಹಾಯಕ ಕಾನೂನಿನ ಮಾತೇ ಎತ್ತಬಾರ್ದು, ಹಾಗೆ ಸಿಸ್ಟಮ್ಮನ್ನ ಕಟ್ಟಿ. ಒಂದು ಫಾರ್ಮ್ ಥರ ರಚನೆ ಮಾಡ್ಕೊಳ್ಳಿ: ವಂಶವೃಕ್ಷ, ಪ್ರತಿಯೊಬ್ಬರ ಹುಟ್ಟು, ಮದುವೆ, ಸಾವಿನ ತಾರೀಖು; ಪ್ರತಿ ಸರ್ವೆ ನಂಬರ್‌ಗೂ ಅದು ಕುಟುಂಬಕ್ಕೆ ಹೇಗೆ ಬಂತು, ಯಾವ ವರ್ಷ, ಯಾವ ಕಾಗದದಿಂದ; ಯಾವ್ಯಾವ ಪತ್ರ ಆಗಿದೆ, ಪಾಲುಪಟ್ಟಿನಾ, ಕ್ರಯಪತ್ರನಾ, ದಾನಪತ್ರನಾ, ಹಕ್ಕು ಬಿಡುಗಡೆ ಪತ್ರನಾ, ರಿಜಿಸ್ಟರ್ ಆಗಿದ್ಯಾ ಇಲ್ವಾ, ಯಾರ್ಯಾರ ಸಹಿ ಇದೆ; ಹಿಂದೆ ಯಾವ್ದಾದ್ರೂ ದಾವೆ ಆಗಿದ್ಯಾ, ಡಿಕ್ರಿ ಯಾವ ಹಂತದ್ದು.

ಪ್ರತಿ ಸಂಗತಿ ಎದುರಿಗೂ ಮೂರ್ರಲ್ಲಿ ಒಂದು ಗುರುತು ಇರ್ಲಿ: ದಾಖಲೆ ಇದೆ, ಬಾಯಿಮಾತು ಅಷ್ಟೇ, ಗೊತ್ತಿಲ್ಲ. ಈ ಒಂದು ಗುರುತು ಆಮೇಲೆ ಎಷ್ಟು ಕೆಲಸಕ್ಕೆ ಬರುತ್ತೆ ಅಂದ್ರೆ, ಕೊನೆಯ ವಿಶ್ಲೇಷಣೆಯಲ್ಲಿ "ಈ ತೀರ್ಮಾನ ಬಾಯಿಮಾತಿನ ಮೇಲೆ ನಿಂತಿದೆ" ಅಂತ ಸಿಸ್ಟಮ್ ತಾನಾಗೇ ಹೇಳೋಕೆ ಸಾಧ್ಯ ಆಗುತ್ತೆ.

ನಮ್ಮ ಕಡೆ ದಾಖಲೆಗಳ ಕಷ್ಟ ಬೇರೆ ಇದೆ. ಹಳೇ ಪಾಲುಪಟ್ಟಿ ಕೈಬರಹ, ಮೋಡಿ ಅಕ್ಷರದ ಥರ ಒಂದಕ್ಕೊಂದು ಅಂಟ್ಕೊಂಡಿರುತ್ತೆ, ಓಸಿಆರ್ (ಚಿತ್ರದಲ್ಲಿರೋ ಅಕ್ಷರ ಓದೋ ಸಾಫ್ಟ್‌ವೇರ್) ಅದನ್ನ ಓದಿದ್ದು ನಂಬೋಕಾಗಲ್ಲ, ಮನುಷ್ಯರು ಟೈಪ್ ಮಾಡ್ಲೇಬೇಕು. ಕೋರ್ಟು ಕಚೇರಿಗಳಲ್ಲಿ ನುಡಿ, ಬರಹದ ಹಳೇ ಫಾಂಟಲ್ಲಿ ಟೈಪ್ ಮಾಡಿರೋ ಫೈಲುಗಳು ಯೂನಿಕೋಡ್ ಅಲ್ಲ, ನೇರವಾಗಿ ಎಐ ಮಾಡೆಲ್‌ಗೆ ಕೊಟ್ರೆ ಅದಕ್ಕೆ ಕಾಣೋದು ಅರ್ಥ ಇಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು, ಮೊದ್ಲು ಯೂನಿಕೋಡ್‌ಗೆ ಪರಿವರ್ತನೆ ಮಾಡ್ಕೊಂಡು, ಒತ್ತಕ್ಷರ ಎಲ್ಲಾ ಸರಿ ಬಂದಿದ್ಯಾ ಅಂತ ಕಣ್ಣಲ್ಲಿ ನೋಡಿ. ವಿಸ್ತೀರ್ಣದ ಲೆಕ್ಕ ಇನ್ನೊಂದು: ಪಹಣಿಯಲ್ಲಿ ಎಕರೆ-ಗುಂಟೆ-ಆಣೆ ಇರುತ್ತೆ, 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. 2-20 ಅಂತಿದ್ರೆ ಎರಡೂವರೆ ಎಕರೆ, ಮಾಡೆಲ್ ಅದನ್ನ 2.20 ಅಂತ ಓದ್ಬಿಟ್ರೆ ಇಡೀ ಪಾಲಿನ ಲೆಕ್ಕ ಹಾಳು. ಪಹಣಿಯ 9ನೇ ಕಾಲಮ್ಮು ಖಾತೆದಾರರದ್ದು, 11 ಹಕ್ಕು ಋಣಗಳದ್ದು, 12 ಸಾಗುವಳಿದಾರರದ್ದು, ಇವನ್ನ ಬೇರೆ ಬೇರೆ ಫೀಲ್ಡಾಗೇ ಇಡಿ. ಖಾತೆ ಯಾರ ಹೆಸರಲ್ಲಿದ್ಯೋ ಅವ್ರೇ ಮಾಲೀಕರು ಅಂತ ಮಾಡೆಲ್ ಅಂದ್ಕೊಳ್ಳೋದು ತುಂಬ ಸುಲಭ, ಆದ್ರೆ ಮ್ಯುಟೇಶನ್, ಅಂದ್ರೆ ಖಾತೆ ಬದಲಾವಣೆ, ಆದ ಮಾತ್ರಕ್ಕೆ ಮಾಲೀಕತ್ವ ಬರಲ್ಲ ಅನ್ನೋದು ಕೋರ್ಟುಗಳು ಮತ್ತೆ ಮತ್ತೆ ಹೇಳಿರೋ ಮಾತು.

ಹೆಜ್ಜೆ 3: ಕಾನೂನಿಗೆ ತಾರೀಖು ಅಂಟಿಸಿ

ಕಾಯ್ದೆಯ ಇವತ್ತಿನ ಪಠ್ಯ ಒಂದನ್ನೇ ಡೇಟಾಬೇಸಲ್ಲಿ ಹಾಕ್ಬೇಡಿ. ಪ್ರತಿ ಕಲಂಗೂ ಆವೃತ್ತಿಗಳಿರ್ಬೇಕು, ಯಾವ ದಿನದಿಂದ ಯಾವ ದಿನದ ತನಕ ಜಾರಿಯಲ್ಲಿತ್ತು, ಯಾವ ರಾಜ್ಯಕ್ಕೆ ಅಂತ. ನಮ್ಮ ಪ್ರಶ್ನೆಗೆ ಬೇಕಾದ 6ನೇ ಕಲಂ ನೋಡಿ. 1956ರ ಮೂಲ ರೂಪದಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಹಕ್ಕು ಇದ್ದಿದ್ದು ಗಂಡ್ಮಕ್ಕಳಿಗೆ ಮಾತ್ರ. 1994ರ ಜುಲೈ 30ರಿಂದ ಕರ್ನಾಟಕದಲ್ಲಿ 6ಎ ಕಲಂ ಬಂತು, ಅದು ಹೆಣ್ಮಕ್ಕಳನ್ನೂ ಕೋಪಾರ್ಸನರ್, ಅಂದ್ರೆ ಹುಟ್ಟಿನಿಂದ್ಲೇ ಪಾಲುದಾರರು ಅಂತ ಮಾಡ್ತು, ಆದ್ರೆ ಆ ದಿನಕ್ಕಿಂತ ಮುಂಚೆ ಮದುವೆ ಆಗಿದ್ದವರನ್ನ ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ಹೊಸ 6ನೇ ಕಲಂ ಜಾರಿಗೆ ಬಂತು, ಮದುವೆ ಆಗಿರ್ಲಿ ಬಿಡ್ಲಿ ಎಲ್ಲಾ ಹೆಣ್ಮಕ್ಕಳೂ ಕೋಪಾರ್ಸನರ್, ಆದ್ರೆ 2004ರ ಡಿಸೆಂಬರ್ 20ಕ್ಕಿಂತ ಮುಂಚೆ ಆಗಿರೋ ವಿಭಾಗ, ಪರಭಾರೆಗಳಿಗೆ (ಮಾರಾಟ, ದಾನದಂಥ ಹಸ್ತಾಂತರಗಳಿಗೆ) ರಕ್ಷಣೆ ಇದೆ.

1994ರ ಆ ಕರ್ನಾಟಕದ ಕಲಂ ಬಗ್ಗೆ ಸಾಮಾನ್ಯ ಚಾಟ್‌ಬಾಟುಗಳು ಚಕಾರ ಎತ್ತೋದು ಕಡಿಮೆ, ಅದಕ್ಕೇ ರಾಜ್ಯದ ತಿದ್ದುಪಡಿಗಳನ್ನ ಬೇರೆ ಹುಡುಕಿ ಹಾಕ್ಲೇಬೇಕು ಅಂತ ಒತ್ತಿ ಹೇಳ್ತಿದೀನಿ.

ಕ್ರಿಮಿನಲ್ ಕಡೆ ಕಟ್ತಿದ್ರೂ ಇದೇ ಕಥೆ: 2024ರ ಜುಲೈ 1ರಿಂದ ಐಪಿಸಿ (ಭಾರತೀಯ ದಂಡ ಸಂಹಿತೆ) ಜಾಗಕ್ಕೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಬಂದಿದೆ, ಕೊಲೆಯ ಶಿಕ್ಷೆ 302ರಿಂದ 103ಕ್ಕೆ ಹೋಗಿದೆ, ಅಪರಾಧ ನಡೆದ ದಿನ ಯಾವ್ದು ಅಂತ ಕೇಳ್ದೆ ಸೆಕ್ಷನ್ ನಂಬರ್ ಹೇಳೋ ಸಿಸ್ಟಮ್ ಉಪಯೋಗಕ್ಕೆ ಬರಲ್ಲ.

ಹೆಜ್ಜೆ 4: ತೀರ್ಪುಗಳನ್ನ ತೂಗಿ ಇಡಿ

ತೀರ್ಪಿನ ಮೂಲ ಪಠ್ಯ ಸುಪ್ರೀಂ ಕೋರ್ಟಿನ ಇ-ಎಸ್‌ಸಿಆರ್ ತಾಣದಲ್ಲಿ, ಹೈಕೋರ್ಟಿನ ವೆಬ್‌ಸೈಟಲ್ಲಿ ಸಿಗುತ್ತೆ. ಖಾಸಗಿ ಪ್ರಕಾಶಕರ ಹೆಡ್‌ನೋಟು (ತೀರ್ಪಿನ ತಲೆಗೆ ಅವ್ರು ಸೇರಿಸೋ ಸಾರಾಂಶ), ಅವ್ರ ಸಂಪಾದಕೀಯ ಟಿಪ್ಪಣಿ ಎತ್ತಿ ಹಾಕ್ಬೇಡಿ. ಈಸ್ಟರ್ನ್ ಬುಕ್ ಕಂಪನಿ ವಿರುದ್ಧ ಮೋಡಕ್ ಕೇಸಲ್ಲಿ ಸುಪ್ರೀಂ ಕೋರ್ಟು, ಕಚ್ಚಾ ತೀರ್ಪು ಎಲ್ರದ್ದೂ, ಪ್ರಕಾಶಕರು ತಮ್ಮ ಬುದ್ಧಿ ಹಾಕಿ ಸೇರಿಸಿದ್ದಕ್ಕೆ ಹಕ್ಕುಸ್ವಾಮ್ಯ ಇದೆ ಅಂತ ಹೇಳಿದೆ. ಹೆಡ್‌ನೋಟ್ ಬೇಡ ಅನ್ನೋದಕ್ಕೆ ಇನ್ನೊಂದು ಕಾರಣ: ಅದು ಕೋರ್ಟಿನ ಮಾತಲ್ಲ, ಮಾಡೆಲ್‌ಗೆ ಆ ವ್ಯತ್ಯಾಸ ಗೊತ್ತಾಗಲ್ಲ. ಕನ್ನಡಕ್ಕೆ ಅನುವಾದ ಆಗಿರೋ ತೀರ್ಪುಗಳು ಓದೋಕೆ ಚೆನ್ನಾಗಿವೆ, ಆದ್ರೆ ಉಲ್ಲೇಖಕ್ಕೆ ಇಂಗ್ಲಿಷ್ ಮೂಲವೇ ಅಧಿಕೃತ, ಹಾಗಾಗಿ ಎರಡನ್ನೂ ಪ್ಯಾರಾ ಪ್ರಕಾರ ಜೋಡಿಸಿಟ್ಟು ಉಲ್ಲೇಖ ಮಾತ್ರ ಮೂಲದಿಂದ ತೆಗೀಲಿ.

ಪ್ರತಿ ತೀರ್ಪಿಗೂ ಕೋರ್ಟು, ತಾರೀಖು, ಪೀಠದಲ್ಲಿ ಎಷ್ಟು ಜನ, ಮುಂದೆ ಏನಾಯ್ತು ಅನ್ನೋದು ಬೇಕೇ ಬೇಕು. ಯಾಕೆ ಅಂತ ನಮ್ಮ ಕೇಸಲ್ಲೇ ತೋರಿಸ್ತೀನಿ. ಪ್ರಕಾಶ್ ವಿರುದ್ಧ ಫುಲವತಿ, 2015ರ ಅಕ್ಟೋಬರ್, ಇಬ್ರು ಜಡ್ಜುಗಳು, ಕರ್ನಾಟಕದಿಂದ್ಲೇ ಸುಪ್ರೀಂ ಕೋರ್ಟಿಗೆ ಹೋದ ಕೇಸು: 2005ರ ಸೆಪ್ಟೆಂಬರ್ 9ಕ್ಕೆ ಅಪ್ಪನೂ ಬದುಕಿರ್ಬೇಕು, ಮಗಳೂ ಬದುಕಿರ್ಬೇಕು ಅಂದ್ರು. ದಾನಮ್ಮ ವಿರುದ್ಧ ಅಮರ್, 2018ರ ಫೆಬ್ರವರಿ, ಅದೂ ಇಬ್ರೇ, ಅದೂ ಕರ್ನಾಟಕದ್ದೇ: ಅಪ್ಪ 2001ರಲ್ಲೇ ತೀರ್ಕೊಂಡಿದ್ರೂ ಹೆಣ್ಮಕ್ಕಳಿಗೆ ಪಾಲು ಕೊಟ್ರು. ಸಮಾನ ಬಲದ ಎರಡು ಪೀಠ, ಎರಡು ದಿಕ್ಕು. ಕೊನೆಗೆ 2020ರ ಆಗಸ್ಟ್ 11ಕ್ಕೆ ವಿನೀತಾ ಶರ್ಮಾ ವಿರುದ್ಧ ರಾಕೇಶ್ ಶರ್ಮಾ ಕೇಸಲ್ಲಿ ಮೂವರ ಪೀಠ, ಹಕ್ಕು ಹುಟ್ಟಿನಿಂದ ಬರೋದು, ಅಪ್ಪ ಆ ದಿನ ಬದುಕಿರ್ಬೇಕು ಅಂತೇನಿಲ್ಲ ಅಂತ ಹೇಳಿ ಫುಲವತಿಯನ್ನ ತಳ್ಳಿಹಾಕ್ತು, ದಾನಮ್ಮ ತೀರ್ಪನ್ನೂ ಭಾಗಶಃ ಒಪ್ಲಿಲ್ಲ.

ಈಗ ಯೋಚ್ನೆ ಮಾಡಿ, 2015ರಿಂದ 2020ರ ಮಧ್ಯೆ ಹೈಕೋರ್ಟುಗಳು ಫುಲವತಿ ನೋಡ್ಕೊಂಡು ಬರೆದ ತೀರ್ಪುಗಳು ಡೇಟಾಬೇಸ್ ತುಂಬ ಇವೆ. ಅರ್ಥದ ಸಾಮ್ಯ ನೋಡ್ಕೊಂಡು ಹುಡುಕೋ ಸಿಸ್ಟಮ್‌ಗೆ ಅವೆಲ್ಲಾ ನಮ್ಮ ಪ್ರಶ್ನೆಗೆ ಅಚ್ಚುಕಟ್ಟಾಗಿ ಹೊಂದೋ ತೀರ್ಪುಗಳೇ. ಸತ್ತುಹೋದ ಕಾನೂನನ್ನ ಪೂರ್ತಿ ವಿಶ್ವಾಸದಿಂದ ಎತ್ಕೊಡುತ್ತೆ. ಅದಕ್ಕೇ ತೀರ್ಪು-ತೀರ್ಪುಗಳ ನಡುವಿನ ಸಂಬಂಧದ ಒಂದು ನಕ್ಷೆ ಬೇಕು: ಅನುಸರಿಸಿದೆ, ಬೇರೆ ಸಂಗತಿ ಅಂತ ಪಕ್ಕಕ್ಕಿಟ್ಟಿದೆ, ಅನುಮಾನ ಪಟ್ಟಿದೆ, ಪೂರ್ತಿ ತಳ್ಳಿದೆ, ಭಾಗಶಃ ತಳ್ಳಿದೆ. ಒಂದು ತೀರ್ಪು ಬಿದ್ರೆ ಅದನ್ನ ಮಾತ್ರ ನಂಬ್ಕೊಂಡು ನಿಂತಿರೋ ಎಲ್ಲಾ ತೀರ್ಪುಗಳ ಮೇಲೂ ಎಚ್ಚರಿಕೆ ಬೀಳೋ ಹಾಗೆ ಮಾಡಿ. ಈ ಗುರುತುಗಳನ್ನ ಮಾಡೆಲ್ ಮೊದಲ ಕರಡಾಗಿ ಹಾಕ್ಬಹುದು, ಆದ್ರೆ ಪ್ರಮುಖ ತೀರ್ಪುಗಳದ್ದನ್ನ ಲಾಯರ್ ಕೂತು ನೋಡ್ಬೇಕು, ಬೇರೆ ದಾರಿ ಇಲ್ಲ.

ಎಸ್‌ಎಲ್‌ಪಿ (ಸುಪ್ರೀಂ ಕೋರ್ಟಲ್ಲಿ ಅಪೀಲು ಹಾಕೋಕೆ ವಿಶೇಷ ಅನುಮತಿ ಕೇಳೋ ಅರ್ಜಿ) ವಿಷಯ ಬೇರೇನೇ ಹೇಳ್ಬೇಕು. "ಎಸ್‌ಎಲ್‌ಪಿ ವಜಾ" ಅಂತ ಒಂದು ಸಾಲಿನ ಆದೇಶ ಕಂಡ್ರೆ ಮಾಡೆಲ್ "ಸುಪ್ರೀಂ ಕೋರ್ಟ್ ಎತ್ತಿ ಹಿಡಿದಿದೆ" ಅಂತ ಬರ್ದ್ಬಿಡುತ್ತೆ, ಜೂನಿಯರ್ ಲಾಯರ್‌ಗಳೂ ಹಾಗೇ ಬರೀತಾರೆ. ಕಾರಣ ಹೇಳ್ದೆ ವಜಾ ಮಾಡಿದ್ರೆ ಹೈಕೋರ್ಟ್ ತೀರ್ಪು ಸುಪ್ರೀಂ ಕೋರ್ಟ್ ತೀರ್ಪಿನೊಳಗೆ ವಿಲೀನ ಆಗಲ್ಲ ಅಂತ 2000ದ ಕುಂಞಮ್ಮದ್ ಕೇಸಲ್ಲಿ ಹೇಳಿದ್ದನ್ನ 2019ರಲ್ಲಿ ಕೊಳ್ಳೇಗಾಲದ ಮಹದೇಶ್ವರ ಸಕ್ಕರೆ ಕಾರ್ಖಾನೆಯ ಕೇಸಲ್ಲಿ ಮತ್ತೆ ಖಚಿತ ಮಾಡಿದಾರೆ. ಡೇಟಾದಲ್ಲಿ ಇದಕ್ಕೆ ಪ್ರತ್ಯೇಕ ಗುರುತು ಇಡಿ.

ಹೆಜ್ಜೆ 5: ಹುಡುಕಾಟ

ಇದ್ರಲ್ಲಿ ಹೆಚ್ಚು ಹೇಳೋದಿಲ್ಲ. ತೀರ್ಪನ್ನ ಐನೂರು ಪದಕ್ಕೊಂದು ತುಂಡು ಅಂತ ಕತ್ತರಿಸ್ಬೇಡಿ, ಪ್ಯಾರಾ ನಂಬರ್ ಪ್ರಕಾರ ಕತ್ತರಿಸಿ, ಆ ಪ್ಯಾರಾ ವಕೀಲರ ವಾದನಾ, ಕೆಳಗಿನ ಕೋರ್ಟಿನ ಅಭಿಪ್ರಾಯನಾ, ಈ ಕೋರ್ಟಿನ ತೀರ್ಮಾನನಾ ಅಂತ ಗುರುತು ಹಾಕಿ. ವಾದವನ್ನೇ ತೀರ್ಪು ಅಂತ ಎತ್ಕೊಡೋದು ಇಂಥ ಸಿಸ್ಟಮ್‌ಗಳ ದೊಡ್ಡ ಕಾಯಿಲೆ. ಪದ ಹುಡುಕಾಟ, ಅರ್ಥ ಹುಡುಕಾಟ ಎರಡೂ ಸೇರಿಸಿ, ಯಾಕಂದ್ರೆ ಸೆಕ್ಷನ್ ನಂಬರ್, ಕೇಸ್ ಹೆಸರಿಗೆ ಪದ ಹುಡುಕಾಟವೇ ವಾಸಿ. ಬಂದ ಫಲಿತಾಂಶನ ಹೆಜ್ಜೆ 4ರ ಜರಡಿಯಲ್ಲಿ ಸೋಸಿ ಆಮೇಲೆ ಮಾಡೆಲ್ ಮುಂದೆ ಇಡಿ.

ಹೆಜ್ಜೆ 6: ಪ್ರಶ್ನೆನ ಕವಲು ಒಡೆಸಿ

ಇದೇ ಇಡೀ ವಿನ್ಯಾಸದ ಜೀವ. ಮಾಡೆಲ್‌ಗೆ "ಉತ್ತರ ಹೇಳು" ಅನ್ನೋ ಬದ್ಲು "ಯಾವ್ಯಾವ ದಾರಿ ಇದೆ, ಪ್ರತಿ ದಾರಿ ಯಾವ ಸಂಗತಿ ಮೇಲೆ ತೆರೆಯುತ್ತೆ" ಅಂತ ಕೇಳ್ಬೇಕು. ನಮ್ಮ ಕುಟುಂಬಕ್ಕೆ 15 ಎಕರೆ ಇದೆ ಅಂತ ಇಟ್ಕೊಳ್ಳಿ, ಕವಲುಗಳು ಹೀಗೆ ಬರುತ್ತೆ.

ಒಂದು, ಆಸ್ತಿ ಅಪ್ಪನ ಸ್ವಂತದ್ದು, ಅಥವಾ 1956ರ ನಂತರ ತೀರ್ಕೊಂಡ ತಾತನ ಸ್ವಯಾರ್ಜಿತ ಆಸ್ತಿ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಕಲಂ ಪ್ರಕಾರ ಅಪ್ಪನಿಗೆ ಬಂದಿದ್ದು. ಆಗ ಅದು ಅಪ್ಪನ ಪ್ರತ್ಯೇಕ ಆಸ್ತಿ, ಸುಪ್ರೀಂ ಕೋರ್ಟಿನ ಚಂದರ್ ಸೇನ್ ಕೇಸಿಂದ ಬಂದಿರೋ ನಿಲುವು ಅದು. ಐದೂ ಮಕ್ಕಳಿಗೆ ತಲಾ ಐದನೇ ಒಂದು ಭಾಗ, 3 ಎಕರೆ. 2005ರ ತಿದ್ದುಪಡಿಯ ಮಾತೇ ಬರಲ್ಲ.

ಎರಡು, ಪಿತ್ರಾರ್ಜಿತ ಆಸ್ತಿ, 1999ರ ಪಾಲುಪಟ್ಟಿ ನಿಲ್ಲಲ್ಲ. ವಿನೀತಾ ಶರ್ಮಾ ಪ್ರಕಾರ ಅಪ್ಪ ಮತ್ತೆ ಐದು ಮಕ್ಕಳು ಸೇರಿ ಆರು ಪಾಲು, ಅಪ್ಪನ ಪಾಲು ಮತ್ತೆ ಐವರಿಗೆ ಹಂಚಿಕೆ, ಲೆಕ್ಕ ಮಾಡಿದ್ರೆ ಮತ್ತೆ ತಲಾ 3 ಎಕರೆನೇ.

ಮೂರು, ಪಿತ್ರಾರ್ಜಿತ, ಮತ್ತೆ ಅಣ್ಣತಮ್ಮಂದಿರು ಫುಲವತಿ ಕಾಲದ ಹಳೇ ಲೆಕ್ಕ ಹಿಡ್ಕೊಂಡು ಬರ್ತಾರೆ: ಅಪ್ಪ, ಇಬ್ರು ಗಂಡ್ಮಕ್ಳು, ಮೂರು ಪಾಲು, ಅಪ್ಪನ 5 ಎಕರೆಯಲ್ಲಿ ಐವರಿಗೂ ಸಮ. ಹೆಣ್ಮಕ್ಕಳಿಗೆ ತಲಾ 1 ಎಕರೆ, ಗಂಡ್ಮಕ್ಕಳಿಗೆ ತಲಾ 6.

ನಾಲ್ಕು, 1998ರಲ್ಲಿ ಕರ್ನಾಟಕದಲ್ಲಿ ಜಾರಿಯಲ್ಲಿದ್ದ 6ಎ ಪ್ರಕಾರ. 1994ರ ಜುಲೈ 30ಕ್ಕೆ ಮದುವೆ ಆಗದೇ ಇದ್ದ ಎರಡನೆಯವಳು, ಮೂರನೆಯವಳು ಕೋಪಾರ್ಸನರ್, ದೊಡ್ಡವಳು ಅಲ್ಲ. ಅಪ್ಪ, ಇಬ್ರು ಗಂಡ್ಮಕ್ಳು, ಈ ಇಬ್ರು, ಒಟ್ಟು ಐದು ಪಾಲು, ಆಮೇಲೆ ಅಪ್ಪನ 3 ಎಕರೆ ಐವರಿಗೂ. ದೊಡ್ಡವಳಿಗೆ 24 ಗುಂಟೆ, ಚಿಕ್ಕವರಿಬ್ಬರಿಗೆ ತಲಾ 3 ಎಕರೆ 24 ಗುಂಟೆ.

ಕೊನೆಯ ಸಾಲು ಮತ್ತೊಂದು ಸಲ ನೋಡಿ. ಚಿಕ್ಕವರಿಬ್ಬರಿಗೆ 2005ರ ಕಾನೂನಿಗಿಂತ 1994ರ ಕಾನೂನಲ್ಲೇ ಜಾಸ್ತಿ ಬರುತ್ತೆ, ದೊಡ್ಡವಳಿಗೆ ಪೂರಾ ಕಮ್ಮಿ. ಅಂದ್ರೆ ಮೂವರು ಅಕ್ಕತಂಗಿಯರು ಒಟ್ಟಿಗೆ ಒಬ್ಬ ಲಾಯರ್ ಹತ್ರ ಬಂದಿದಾರೆ, ಆದ್ರೆ ಅವ್ರ ಹಿತ ಒಂದೇ ಅಲ್ಲ. ಈ ಮಾತನ್ನ ಯಾರೂ ಪ್ರಶ್ನೆಯಲ್ಲಿ ಕೇಳಿಲ್ಲ, ಕವಲು ಒಡೆದು ಲೆಕ್ಕ ಹಾಕಿದ್ದಕ್ಕೆ ಹೊರಗೆ ಬಂತು. ವಿನೀತಾ ಶರ್ಮಾ ನಂತ್ರ ಎರಡನೇ ದಾರಿಯೇ ಬಲವಾದದ್ದು ಅನ್ನೋದು ಸರಿ, ಆದ್ರೂ ವಕಾಲತ್ತಿಗೆ ಸಹಿ ಹಾಕಿಸ್ಕೊಳ್ಳೋ ಮುಂಚೆ ಲಾಯರಿಗೆ ಇದು ಗೊತ್ತಿರ್ಬೇಕು.

ಇನ್ನು ಆ ಪಾಲುಪಟ್ಟಿ. ಅದು ರಿಜಿಸ್ಟರ್ ಆಗಿಲ್ಲ, ಹಾಗಾಗಿ ಬಾಯಿಮಾತಲ್ಲೇ ವಿಭಾಗ ಆಗಿತ್ತು ಅಂತ ಅಣ್ಣತಮ್ಮಂದಿರು ವಾದ ಮಾಡ್ಬಹುದು. ವಿನೀತಾ ಶರ್ಮಾ ತೀರ್ಪು ಬಾಯಿಮಾತಿನ ವಿಭಾಗವನ್ನ ಸುಲಭವಾಗಿ ಒಪ್ಪಬೇಡಿ ಅಂತ ಹೇಳಿದೆ, ಸರ್ಕಾರಿ ದಾಖಲೆಗಳ ಗಟ್ಟಿ ಬೆಂಬಲ ಇರೋ ಅಪರೂಪದ ಕೇಸುಗಳಿಗೆ ಮಾತ್ರ ಬಾಗಿಲು ಬಿಟ್ಟಿದೆ. 1999ರಲ್ಲೇ ಖಾತೆ ಬದಲಾವಣೆ ಆಗಿರೋದ್ರಿಂದ ಅಣ್ಣತಮ್ಮಂದಿರು ಆ ಬಾಗಿಲಲ್ಲೇ ಬರ್ತಾರೆ. ಆದ್ರೆ ಅವ್ರು ಅದ್ರಲ್ಲಿ ಗೆದ್ರೂ ಹೆಣ್ಮಕ್ಕಳ ಪಾಲು ಸೊನ್ನೆ ಆಗಲ್ಲ, ಯಾಕಂದ್ರೆ ಅಪ್ಪ 1998ರಲ್ಲೇ ಹೋಗಿದಾರೆ, ಅವ್ರ ಪಾಲಲ್ಲಿ ಹೆಣ್ಮಕ್ಕಳಿಗೆ ಆಗ್ಲೇ ಹಕ್ಕು ಬಂದಾಗಿತ್ತು, ಆ ಕಾಗದಕ್ಕೆ ಅವ್ರ ಸಹಿ ಇಲ್ಲ. ಹಾಗೇ ಕಾಲಮಿತಿ: ಕುಟುಂಬದ ಆಸ್ತಿಯಿಂದ ಹೊರಗಿಟ್ಟಿದಾರೆ ಅಂತ ಗೊತ್ತಾದ ದಿನದಿಂದ 12 ವರ್ಷ ಅಂತ ಕಾಲಮಿತಿ ಕಾಯ್ದೆಯ 110ನೇ ಅನುಚ್ಛೇದ ಹೇಳುತ್ತೆ. ಹಾಗಾಗಿ "ಖಾತೆ ಬದಲಾಗಿದ್ದು ನಿಮಗೆ ಯಾವಾಗ ಗೊತ್ತಾಯ್ತು" ಅನ್ನೋ ಪ್ರಶ್ನೆ ಸಹಾಯಕನೇ ಕೇಳ್ಬೇಕು.

ಎರಡು ವಿನ್ಯಾಸದ ಮಾತು ಇಲ್ಲಿ. ಪಾಲಿನ ಲೆಕ್ಕ ಮಾಡೆಲ್ ಕೈಲಿ ಮಾಡಿಸ್ಬೇಡಿ, ಭಿನ್ನರಾಶಿ ಲೆಕ್ಕ ಮಾಡೋ ಒಂದು ಸಣ್ಣ ಪ್ರೋಗ್ರಾಮ್ ಬರ್ದು ಅದನ್ನ ಕರೆಸಿ, ಎಲ್ಲಾ ಪಾಲು ಕೂಡಿದ್ರೆ ಒಂದು ಬರ್ಬೇಕು ಅನ್ನೋ ತಪಾಸಣೆ ಅದ್ರೊಳಗೇ ಇರ್ಲಿ. ಎರಡ್ನೇದು, ಮಾಡೆಲ್‌ಗೆ ಕೊಡೋ ಸೂಚನೆ. ಸುಮಾರಾಗಿ ಹೀಗಿರ್ಲಿ:

"ನೀನು ಸಿವಿಲ್ ವಕೀಲರಿಗೆ ವಿಶ್ಲೇಷಣೆ ಬರೆಯುವ ಸಹಾಯಕ. ಕೊಟ್ಟಿರುವ ಸಂಗತಿ ಪಟ್ಟಿ ಮತ್ತು ಕೊಟ್ಟಿರುವ ಪ್ಯಾರಾಗಳನ್ನು ಮಾತ್ರ ಬಳಸು. ಮೊದಲು, ಯಾವ ಘಟನೆಗೆ ಯಾವ ದಿನದ ಕಾನೂನು ಅನ್ವಯಿಸುತ್ತದೆ ಎಂದು ಬರೆ. ನಂತರ ಸಾಧ್ಯವಿರುವ ಪ್ರತಿ ದಾರಿಯನ್ನೂ, ಆ ದಾರಿ ಅವಲಂಬಿಸಿರುವ ಸಂಗತಿಯನ್ನೂ ಬರೆ. ಸಂಗತಿ 'ಗೊತ್ತಿಲ್ಲ' ಎಂದಿದ್ದರೆ ಊಹಿಸಬೇಡ, ಎರಡೂ ಕಡೆ ಬರೆದು ಯಾವ ದಾಖಲೆ ತರಿಸಬೇಕು ಎಂದು ಹೇಳು. ಪ್ರತಿ ಕಾನೂನಿನ ವಾಕ್ಯಕ್ಕೂ ಪ್ಯಾರಾದ ಗುರುತು ಕೊಡು. ಆಧಾರ ಸಿಗದಿದ್ದರೆ 'ಆಧಾರ ಸಿಕ್ಕಿಲ್ಲ' ಎಂದೇ ಬರೆ."

ಹೆಜ್ಜೆ 7: ಉಲ್ಲೇಖ ಒಂದೊಂದೂ ತಾಳೆ ನೋಡಿ

2023ರಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟಲ್ಲಿ ಮಾಟಾ ವಿರುದ್ಧ ಅವಿಯಾಂಕಾ ಕೇಸಲ್ಲಿ, ಚಾಟ್‌ಜಿಪಿಟಿ ಹುಟ್ಟಿಸಿದ ಇಲ್ಲದ ತೀರ್ಪುಗಳನ್ನ ಹಾಕಿದ್ದಕ್ಕೆ ವಕೀಲರಿಗೆ 5,000 ಡಾಲರ್ ದಂಡ ಬಿತ್ತು. ನಮ್ಮಲ್ಲೂ 2025ರಲ್ಲಿ, ಬೆಂಗಳೂರಿನ ಒಂದು ಸಿವಿಲ್ ಕೋರ್ಟಿನ ಆದೇಶದಲ್ಲಿ ಇಲ್ಲದೇ ಇರೋ ತೀರ್ಪುಗಳ ಉಲ್ಲೇಖ ಇದೆ ಅಂತ ಕರ್ನಾಟಕ ಹೈಕೋರ್ಟು ಗಂಭೀರವಾಗಿ ತಗೊಂಡಿತು. ಅದೇ ವರ್ಷ ಜುಲೈನಲ್ಲಿ ಕೇರಳ ಹೈಕೋರ್ಟು ಜಿಲ್ಲಾ ನ್ಯಾಯಾಂಗಕ್ಕೆ ಎಐ ಬಳಕೆ ನೀತಿ ತಂದು, ತೀರ್ಮಾನ ತಗೊಳ್ಳೋಕೆ ಎಐ ಬಳಸೋ ಹಾಗಿಲ್ಲ ಅಂತ ಹೇಳ್ತು.

"ಸುಳ್ಳು ಉಲ್ಲೇಖ ಕೊಡಬೇಡ" ಅಂತ ಪ್ರಾಂಪ್ಟಲ್ಲಿ ಬರೆದ್ರೆ ಸಾಕಾಗಲ್ಲ. ಮಾಡೆಲ್‌ನ ಹೊರಗೆ, ಸಾಧಾರಣ ಕೋಡಲ್ಲಿ ತಪಾಸಣೆ ಇರ್ಬೇಕು: ಕೇಸು ನಮ್ಮ ಡೇಟಾಬೇಸಲ್ಲಿ ಇದ್ಯಾ, ಉದ್ಧರಣೆಯ ಪದಗಳು ಆ ಪ್ಯಾರಾದಲ್ಲಿ ಅಕ್ಷರಶಃ ಇದ್ಯಾ, ಇಲ್ಲಾಂದ್ರೆ ಆ ವಾಕ್ಯ ಹೊರಗೆ ಹೋಗೋ ಹಾಗೇ ಇಲ್ಲ. ಇದು ಸುಲಭದ ಭಾಗ. ಕಷ್ಟದ್ದು ಅಂದ್ರೆ ಕೇಸೂ ಇದೆ, ಪ್ಯಾರಾನೂ ಇದೆ, ಆದ್ರೆ ಅದು ಹೇಳೋದು ಬೇರೆ. ಅದಕ್ಕೆ ಇನ್ನೊಂದು ಮಾಡೆಲ್‌ಗೆ ವಾದ ತೋರಿಸ್ದೆ, ಬರೀ ಪ್ಯಾರಾ ಮತ್ತೆ ಆ ಒಂದು ವಾಕ್ಯ ಕೊಟ್ಟು "ಇದರಿಂದ ಇದು ಸಿಗುತ್ತಾ" ಅಂತ ಕೇಳಿಸಿ. ಅನುಮಾನ ಬಂದಿದ್ದನ್ನೆಲ್ಲಾ ಹಳದಿ ಬಣ್ಣದಲ್ಲಿ ಲಾಯರ್ ಮುಂದೆ ಇಡಿ, ಒಂದೇ ಕ್ಲಿಕ್ಕಲ್ಲಿ ಮೂಲ ಪುಟ ತೆರೆಯೋ ಹಾಗಿರ್ಲಿ. ಮೂಲ ತೆರೆಯೋಕೆ ಐದು ನಿಮಿಷ ಬೇಕಾದ್ರೆ ಯಾರೂ ತೆರೆಯಲ್ಲ.

ಹೆಜ್ಜೆ 8: ಎದುರು ಪಾರ್ಟಿ ವಕೀಲರನ್ನ ಒಳಗೇ ಕೂರಿಸಿ

ವಿಶ್ಲೇಷಣೆ ಮುಗಿದ ಮೇಲೆ ಅದೇ ಸಂಗತಿ ಪಟ್ಟಿನ ಹೊಸದಾಗಿ ತೆರೆದು, ಮೊದಲ ಉತ್ತರ ತೋರಿಸ್ದೆ, ಅಣ್ಣತಮ್ಮಂದಿರ ಪರವಾಗಿ ಅತ್ಯಂತ ಬಲವಾದ ವಾದ ಬರೆಸಿ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಎಲ್ಲಿ ಭಿನ್ನ ಅಂತ ಮಾತ್ರ ಪಟ್ಟಿ ಮಾಡಿಸಿ. ಈ ಮಾಡೆಲ್‌ಗಳಿಗೆ ಕೇಳಿದವರನ್ನ ಮೆಚ್ಚಿಸೋ ಗುಣ ಇದೆ, "ನನ್ನ ಕಕ್ಷಿದಾರಳು ಮಗಳು" ಅಂದ್ರೆ ಮಗಳ ಕಡೆ ವಾಲುತ್ತೆ, "ನನ್ನ ಕಕ್ಷಿದಾರ ಅಣ್ಣ" ಅಂದ್ರೆ ಆ ಕಡೆ. ಹಾಗಾಗಿ ಮೊದಲ ಸುತ್ತಿನ ವಿಶ್ಲೇಷಣೆಗೆ ಯಾರ ಪರ ಅನ್ನೋದನ್ನ ಹೇಳ್ಲೇಬೇಡಿ, ವಾದಿ-ಪ್ರತಿವಾದಿ ಅಂತಾನೂ ಬೇಡ, ಎ, ಬಿ, ಸಿ ಅಂತ ಇಡಿ.

ಹೆಜ್ಜೆ 9: ಪರೀಕ್ಷೆ

ನಾಲ್ಕು ಉತ್ತರ ಓದಿ "ಚೆನ್ನಾಗಿದೆ" ಅನ್ನೋದು ಪರೀಕ್ಷೆ ಅಲ್ಲ. ಅನುಭವಿ ಲಾಯರ್ ಕೈಲಿ ಪ್ರಶ್ನೆ ಬರೆಸಿ, ಉತ್ತರದ ಜೊತೆ "ಯಾವ ಅಂಶ ಬರ್ಲೇಬೇಕು, ಯಾವ್ದು ಬಂದ್ರೆ ಫೇಲ್" ಅಂತಾನೂ ಬರೆಸಿ. ಆಮೇಲೆ ಒಂದೇ ಸಂಗತಿ ಬದಲಾಯಿಸಿ ನೋಡಿ: ಎರಡನೆಯವಳ ಮದುವೆ 1996ರ ಬದ್ಲು 1993 ಅಂತ ಹಾಕಿ, ನಾಲ್ಕನೇ ದಾರಿಯ ಲೆಕ್ಕ ಬದಲಾಗ್ಲೇಬೇಕು, ಎರಡನೇ ದಾರಿ ಒಂದಿಷ್ಟೂ ಅಲ್ಲಾಡಬಾರ್ದು. ಪಾಲುಪಟ್ಟಿ ರಿಜಿಸ್ಟರ್ ಆಗಿದೆ ಅಂತ ಹಾಕಿ ನೋಡಿ. ಹೆಸರುಗಳನ್ನ ಅದಲು ಬದಲು ಮಾಡಿ, ಏನೂ ಬದಲಾಗಬಾರ್ದು. ಕೇಳೋ ಧಾಟಿ ಬದಲಾಯಿಸಿ, ಕನ್ನಡದಲ್ಲಿ ಒಮ್ಮೆ, ಇಂಗ್ಲಿಷಲ್ಲಿ ಒಮ್ಮೆ ಕೇಳಿ, ಕಾನೂನು ಎರಡರಲ್ಲೂ ಒಂದೇ ಬರ್ಬೇಕು, ಇದ್ರಲ್ಲಿ ಎಷ್ಟೋ ಮಾಡೆಲ್‌ಗಳು ಎಡವುತ್ತವೆ.

ಒಂದು ನಿಜವಾಗ್ಲೂ ಕಷ್ಟದ ಪರೀಕ್ಷೆ ಹೇಳ್ತೀನಿ, ಪಿಟಿಸಿಎಲ್. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನ ಪರಭಾರೆ ತಡೆಯೋ 1978ರ ಕರ್ನಾಟಕ ಕಾಯ್ದೆ. ಅದ್ರಲ್ಲಿ ಜಮೀನು ವಾಪಸ್ ಕೇಳೋಕೆ ಕಾಲಮಿತಿ ಬರೆದಿರ್ಲಿಲ್ಲ. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಕೇಸಲ್ಲಿ ಸುಪ್ರೀಂ ಕೋರ್ಟು, ಕಾಲಮಿತಿ ಇಲ್ಲದಿದ್ರೂ ಸಮಂಜಸ ಅವಧಿಯೊಳಗೆ ಬರ್ಬೇಕು ಅಂತು, ಅದ್ರಿಂದ ಎಷ್ಟೋ ಬಡ ಕುಟುಂಬಗಳ ಅರ್ಜಿಗಳು ಬಿದ್ದುಹೋದ್ವು. 2023ರಲ್ಲಿ ರಾಜ್ಯ 5ನೇ ಕಲಂಗೆ ತಿದ್ದುಪಡಿ ತಂದು ಯಾವ ಕಾಲಮಿತಿಯೂ ಇಲ್ಲ ಅಂತು. ಆದ್ರೆ ಅದಾದ ಮೇಲೂ ಹೈಕೋರ್ಟಲ್ಲಿ, ಕಾಲಮಿತಿ ಬೇರೆ, ವಿಪರೀತ ವಿಳಂಬ ಬೇರೆ ಅನ್ನೋ ನಿಲುವಿನ ಆದೇಶಗಳು ಬಂದಿವೆ. ನಿಮ್ಮ ಸಹಾಯಕ "ತಿದ್ದುಪಡಿ ಆಗಿದೆ, ಜಮೀನು ವಾಪಸ್ ಸಿಗುತ್ತೆ" ಅಂದ್ರೂ ಫೇಲ್, "ನೆಕ್ಕಂಟಿ ಇದೆ, ಸಿಗಲ್ಲ" ಅಂದ್ರೂ ಫೇಲ್. ಶಾಸಕಾಂಗ ಏನನ್ನ ತೆಗೆದುಹಾಕ್ತು, ಏನನ್ನ ಮುಟ್ಟಿಲ್ಲ ಅಂತ ಬಿಡಿಸಿ ಹೇಳಿ, ಈ ಅರ್ಜಿದಾರರ ವಿಳಂಬಕ್ಕೆ ಏನು ವಿವರಣೆ ಇದೆ ಅಂತ ಕೇಳಿದ್ರೆ ಪಾಸ್.

ಹೆಜ್ಜೆ 10: ಕಕ್ಷಿದಾರರ ಗುಟ್ಟು, ಮತ್ತೆ ನಿರ್ವಹಣೆ

ವಕೀಲ-ಕಕ್ಷಿದಾರರ ನಡುವಿನ ಮಾತಿಗೆ ಸಾಕ್ಷ್ಯ ಕಾನೂನಿನಲ್ಲಿ ರಕ್ಷಣೆ ಇದೆ, ಹಾಗಿರ್ವಾಗ ಪಾಲುಪಟ್ಟಿ, ಆಧಾರ್ ಪ್ರತಿ ಎಲ್ಲಾ ಎತ್ತಿ ಯಾವ್ದೋ ಉಚಿತ ಚಾಟ್ ಸೇವೆಗೆ ಹಾಕೋದು ಸರಿಯಲ್ಲ. ಹೆಸರು, ಸರ್ವೆ ನಂಬರ್, ಫೋನ್ ತೆಗೆದು ಗುರುತು ಹಾಕಿ ಕಳಿಸೋ ಪದರ ಮಧ್ಯದಲ್ಲಿ ಇಡಿ, ಕಳಿಸಿದ ಡೇಟಾನ ತರಬೇತಿಗೆ ಬಳಸಲ್ಲ ಅನ್ನೋ ಲಿಖಿತ ಕರಾರು ಇರೋ ಸೇವೆ ಮಾತ್ರ ತಗೊಳ್ಳಿ, ಆಫೀಸಿನ ಸ್ವಂತ ಮಷೀನಲ್ಲಿ ಓಡೋ ತೆರೆದ ಮಾಡೆಲ್ ಸಾಕಾಗುತ್ತೆ ಅಂದ್ರೆ ಇನ್ನೂ ಒಳ್ಳೇದು.

ಕೊನೆಯ ಕೆಲಸ, ಇದನ್ನ ಬಹಳ ಜನ ಕಟ್ಟೋದೇ ಇಲ್ಲ. ಪ್ರತಿ ವಿಶ್ಲೇಷಣೆನೂ ಅದು ನಂಬ್ಕೊಂಡಿರೋ ಕಲಂ, ತೀರ್ಪುಗಳ ಗುರುತಿನ ಜೊತೆ ಉಳಿಸಿಡಿ. ಹೊಸ ತೀರ್ಪು ಬಂದು ಯಾವ್ದಾದ್ರೂ ಗುರುತು ಬದಲಾದ್ರೆ, ಅದ್ರ ಮೇಲೆ ನಿಂತಿರೋ ಹಳೇ ಫೈಲುಗಳ ಪಟ್ಟಿ ಲಾಯರಿಗೆ ತಾನಾಗೇ ಹೋಗ್ಬೇಕು. ವಿನೀತಾ ಶರ್ಮಾ ತೀರ್ಪು, ಪ್ರಾಥಮಿಕ ಡಿಕ್ರಿ (ಯಾರಿಗೆ ಎಷ್ಟು ಪಾಲು ಅಂತ ಮಾತ್ರ ಹೇಳೋ ಕೋರ್ಟಿನ ಆದೇಶ) ಆಗಿದ್ರೂ ಅಂತಿಮ ಡಿಕ್ರಿ ಅಥವಾ ಅಪೀಲು ಬಾಕಿ ಇರೋ ಕೇಸುಗಳಲ್ಲಿ ಹೆಣ್ಮಕ್ಕಳ ಪಾಲು ಸರಿಪಡಿಸ್ಬೇಕು ಅಂತ ಹೇಳಿತ್ತು. 2016ರಲ್ಲಿ ಫುಲವತಿ ನೋಡಿ "ನಿಮಗೆ 1 ಎಕರೆ ಅಷ್ಟೇ" ಅಂತ ಹೇಳಿ ಕಳಿಸಿದ ಮಗಳ ಫೈಲು ಆಫೀಸಲ್ಲಿ ಇದ್ದು, ಅಪೀಲು ಇನ್ನೂ ಬಾಕಿ ಇದ್ರೆ, 2020ರ ಆಗಸ್ಟಲ್ಲಿ ಅವಳಿಗೆ ಯಾರಾದ್ರೂ ಫೋನ್ ಮಾಡಿ ಕರೆಸ್ಬೇಕಿತ್ತು, ಆ ಫೋನ್ ನಂಬರನ್ನ ಲಾಯರ್ ಮುಂದೆ ತಂದಿಡೋ ಫೀಚರನ್ನ ನಾನಾದ್ರೆ ಮೊದಲ ತಿಂಗಳಲ್ಲೇ ಕಟ್ತೀನಿ.